ಜ್ವಾಳದ ರೊಟ್ಟಿ ಮಾಡೋ ಮನಿಗೆ ಖರೆ ಬೇಕಾಗೋ ಸಾಮಾನು ಯಾವುವು? ಹಂಚು, ಕುಕ್ಕರ್, ಮಿಕ್ಸರ್, ಕಲ್ಲು

ಹೊಸ ಒಲಿ, ಧಾರವಾಡ

ಬಾಡಿಗಿ ಮನಿ. ಎರಡು ಬರ್ನರಿನ ಗ್ಯಾಸ್ ಒಲಿ, ಜೊತಿಗೆ ಒಂದು ಇಂಡಕ್ಷನ್. ಮೂರು ಮಂದಿಗೆ ಅಡಗಿ: ದಿನಾ ಜ್ವಾಳದ ರೊಟ್ಟಿ, ಬ್ಯಾಳಿ, ಒಂದು ಪಲ್ಯ, ಆಗಾಗ ಶೇಂಗಾ ಚಟ್ನಿ. ಎಲ್ಲಾ ಸೇರಿ ಹತ್ತು ಸಾವಿರದ ಒಳಗ ಮುಗಿಸಬೇಕು. ಆನ್‌ಲೈನ್‌ದಾಗ ರೊಟ್ಟಿ ಮೇಕರ್, ಚಾಪರ್, ನಾನ್‌ಸ್ಟಿಕ್ ಸೆಟ್ಟು ಬೇಕಾದಷ್ಟು ಕಾಣಸ್ತಾವ. ಯಾವುದಕ್ಕ ರೊಕ್ಕ ಹಾಕಬೇಕು, ಯಾವುದನ್ನ ಬಿಡಬೇಕು? ಕಾರಣ ಸಮೇತ ಹೇಳಿದ್ರ ಉಪಕಾರ ಆಗತೈತ್ರಿ.

ಬಿಳಿಜ್ವಾಳ, ಗದಗ

ಮೊದಲ ಹಂಚಿನ ಮಾತು. ರೊಟ್ಟಿ ಮನಿಯೊಳಗ ಅದಕ್ಕಿಂತ ಮುಖ್ಯ ಸಾಮಾನು ಇಲ್ಲ, ಮತ್ತ ಬಾಕಿ ಎಲ್ಲಾದಕ್ಕಿಂತ ಸೋವಿ.

ತಗೊಳ್ಳುವಾಗ ದಪ್ಪ ನೋಡ್ರಿ. 3ರಿಂದ 4 ಮಿಲಿಮೀಟರ್ ದಪ್ಪಿನ ಕಬ್ಬಿಣ, 11-12 ಇಂಚು ಅಗಲ, ನಡುವ ತುಸು ತಗ್ಗು. ತೆಳ್ಳನ ತಗಡಿನ ಹಂಚು ಲಗೂನ ಕಾಯತೈತಿ ಖರೆ, ಆದ್ರ ಹಸಿ ರೊಟ್ಟಿ ಬಿದ್ದ ಕೂಡಲೇ ಅದರ ಕಾವು ಇಳದ ಹೋಗತೈತಿ. ಬಿಸಿ ನೀರಾಗ ನಾದಿದ ಹಿಟ್ಟಿನ್ಯಾಗ ನೀರು ಭಾಳ ಇರತೈತಿ, ಮ್ಯಾಲ ಮತ್ತ ನೀರು ಸವರತೀವಿ. ಅದೆಲ್ಲಾ ಉಗಿ ಆಗಲಿಕ್ಕ ಬೇಕಾದ ಕಾವು ಹಂಚಿನ್ಯಾಗ ಮೊದಲ ತುಂಬಿರಬೇಕು. ಇಲ್ಲಂದ್ರ ರೊಟ್ಟಿ ಹಂಚು ಹಿಡಿತೈತಿ, ಉಬ್ಬಂಗಿಲ್ಲ, ನಡುವ ಕರಿ ಆಗಿ ಅಂಚು ಬಿಳಿ ಉಳಿತೈತಿ.

ಕಾವು ಪರೀಕ್ಷೆ ಮಾಡೋದು ಹಿಟ್ಟಿನಿಂದ. ಒಂದು ಚಿಟಿಗಿ ಒಣ ಹಿಟ್ಟು ಉದುರಸ್ರಿ. ಸಾವಕಾಶ ಕೆಂಪಾದ್ರ ಹಂಚು ತಯಾರು. ಬಿದ್ದ ಕೂಡಲೇ ಕರ್ರಗಾಗಿ ಹೊಗಿ ಬಂದ್ರ ಉರಿ ಇಳಸ್ರಿ, ಅರ್ಧ ನಿಮಿಷ ತಡೀರಿ. ಬಣ್ಣ ಬರಲೇ ಇಲ್ಲಂದ್ರ ಇನ್ನೂ ಕಾಯಬೇಕು. ಪ್ರತಿ ರೊಟ್ಟಿ ತಗದ ಮ್ಯಾಲ ಹಂಚಿನ ಮ್ಯಾಲಿನ ಹಿಟ್ಟು ಒಣ ಅರಿವಿಲೆ ಒರಸಲೇಬೇಕು. ಆ ಹಿಟ್ಟು ಸುಟ್ಟು ಮುಂದಿನ ರೊಟ್ಟಿಗೆ ಕಹಿ ಹತ್ತತೈತಿ, ಕರಿ ಚುಕ್ಕಿ ಬೀಳೂದೂ ಅದರಿಂದನ.

ಹಂಚು ಯಾವಾಗಲೂ ದೊಡ್ಡ ಬರ್ನರಿನ ಮ್ಯಾಲ ಇಡ್ರಿ. ಸಣ್ಣ ಬರ್ನರಿನ್ಯಾಗ ಉರಿ ನಡುವ ಅಷ್ಟ ಹತ್ತತೈತಿ.

ಕುಸುಬಿ ಎಣ್ಣಿ, ನರಗುಂದ

ಬಿಳಿಜ್ವಾಳ ಅವರು ಹೇಳಿದ್ದು ಸರಿ. ಹೊಸ ಹಂಚು ಪಳಗಿಸೋದು ಹೆಂಗಂತ ನಾ ಬರೀತೀನಿ, ಯಾಕಂದ್ರ ಅಲ್ಲೇ ಭಾಳ ಮಂದಿ ಕೆಡಸ್ತಾರ.

ಅಂಗಡ್ಯಾಗಿಂದ ಬರುವಾಗ ತುಕ್ಕು ಹಿಡೀಬಾರದಂತ ಮ್ಯಾಲ ಎಣ್ಣಿ ಇಲ್ಲಾ ಮೇಣ ಸವರಿರತಾರ. ಅದನ್ನ ಬಿಸಿ ನೀರು, ಸಾಬಾನ, ತಂತಿ ಉಜ್ಜಿಗಿ ಹಾಕಿ ತಿಕ್ಕಿ ಪೂರಾ ತಗೀರಿ. ತೊಳದ ಕೂಡಲೇ ಒಲಿ ಮ್ಯಾಲ ಇಟ್ಟು ಒಣಗಸ್ರಿ. ಗಾಳಿಗೆ ಬಿಟ್ರ ಒಂದ ತಾಸಿನ್ಯಾಗ ಕೆಂಪು ತುಕ್ಕು ಕಾಣತೈತಿ. ಆಮ್ಯಾಲ ಅರ್ಧ ಚಮಚ ಎಣ್ಣಿ ಎರಡೂ ಬದಿಗೆ ಸವರಿ, ಬ್ಯಾರೆ ಒಣ ಅರಿವಿಲೆ ಎಲ್ಲಾ ಒರಸಿ ತಗೀರಿ. ಎಣ್ಣಿ ಉಳದೇ ಇಲ್ಲ ಅನ್ನೋವಷ್ಟು ಒರಸಬೇಕು. ಹೊಗಿ ಬರೋತನಕ ಕಾಯಿಸಿ, ಹೊಗಿ ನಿಂತ ಮ್ಯಾಲ ಆರಸ್ರಿ. ಇದನ್ನ ನಾಕು ಸಲ ಮಾಡ್ರಿ. ಎಣ್ಣಿ ದಪ್ಪ ಉಳದ್ರ ಅದು ಗಟ್ಟಿ ಆಗದ ಅಂಟಂಟು ಆಗತೈತಿ, ಮುಂದ ಹಕ್ಕಳಿಕಿ ಎದ್ದು ರೊಟ್ಟಿಗೆ ಹತ್ತತೈತಿ.

ಎಣ್ಣಿ ಯಾವುದು? ನಮ್ಮ ಭಾಗದ ಕುಸುಬಿ ಎಣ್ಣಿ ಇದಕ್ಕ ಛಲೋ. ಕುಸುಬಿ, ಅಗಸಿ ಎರಡೂ ಗಾಳಿ ಮತ್ತ ಕಾವಿಗೆ ತಾವ ಒಣಗಿ ಗಟ್ಟಿ ಪದರ ಕಟ್ಟೋ ಜಾತಿ. ಬಣ್ಣದ ಕೆಲಸಕ್ಕ ಅಗಸಿ ಎಣ್ಣಿ ಬಳಸೋದೂ ಇದೇ ಗುಣಕ್ಕ. ಆದ್ರ ಅಗಸಿ ಎಣ್ಣಿ ಪದರ ಗಾಜಿನಷ್ಟು ಬಿರುಸಾಗಿ, ದಪ್ಪ ಆದ್ರ ಸಿಡಿದು ಏಳತೈತಿ. ಶೇಂಗಾ ಎಣ್ಣಿನೂ ನಡೀತೈತಿ, ಪದರ ಮೆತ್ತಗ ಇರತೈತಿ, ಹೆಚ್ಚು ಸಲ ಮಾಡಬೇಕಾಗತೈತಿ ಅಷ್ಟ.

ಇನ್ನೊಂದು ಮಾತು. ರೊಟ್ಟಿಗೆ ಒಂದು ಹಂಚು, ದ್ವಾಸಿಗೆ ಒಂದು. ರೊಟ್ಟಿ ಒಣ ಕಾವಿನ್ಯಾಗ ಬೇಯತೈತಿ, ದಿನಾ ಅಷ್ಟು ಕಾದ್ರ ಎಣ್ಣಿ ಪದರ ಸುಟ್ಟು ಹೋಗತೈತಿ. ಅದೇ ಹಂಚಿನ ಮ್ಯಾಲ ದ್ವಾಸಿ ಹುಯ್ದ್ರ ಏಳಂಗಿಲ್ಲ. ದ್ವಾಸಿ ಹಂಚಿನ ಮ್ಯಾಲ ರೊಟ್ಟಿ ಹಾಕಿದ್ರ ಎಣ್ಣಿ ಹೊಗಿ ವಾಸನಿ ರೊಟ್ಟಿಗೆ ಬರತೈತಿ.

ಹೊಸ ಒಲಿ, ಧಾರವಾಡ

ನಾನ್‌ಸ್ಟಿಕ್ ಹಂಚಿನ ಮ್ಯಾಲ ರೊಟ್ಟಿ ಮಾಡಬಾರದೇನ್ರಿ? ಮತ್ತ ಕರೆಂಟಿನ ರೊಟ್ಟಿ ಮೇಕರ್?

ಸಾಧನಕೇರಿ ಅಡಗಿಮನಿ, ಧಾರವಾಡ

ಎರಡೂ ಬ್ಯಾಡ. ನಾನ್‌ಸ್ಟಿಕ್ ಲೇಪ 260 ಡಿಗ್ರಿ ಸೆಲ್ಸಿಯಸ್ ದಾಟಿದ್ರ ಕೆಡಲಿಕ್ಕ ಶುರು ಆಗತೈತಿ. ಎಣ್ಣಿ ಇಲ್ಲದ ಖಾಲಿ ಹಂಚು ದೊಡ್ಡ ಉರಿ ಮ್ಯಾಲ ಕೆಲವೇ ನಿಮಿಷದಾಗ ಅಲ್ಲಿಗೆ ಮುಟ್ಟತೈತಿ. ನಾನ್‌ಸ್ಟಿಕ್ ಇಟ್ಟುಕೊಳ್ಳೋದಾದ್ರ ಸಣ್ಣ ಉರಿಯ ಕೆಲಸಕ್ಕ, ಕಟ್ಟಿಗಿ ಸೌಟಿನ ಜೋಡಿ.

ರೊಟ್ಟಿ ಮೇಕರ್ ಮಾಡಿದ್ದು ಗೋಧಿ ಹಿಟ್ಟಿಗೆ. ಗೋಧಿಯೊಳಗ ಗ್ಲುಟೆನ್ ಅನ್ನೋ ಜಿಗಿ ಅಂಶ ಇರತೈತಿ, ಒತ್ತಿದ್ರ ಹಿಗ್ಗತೈತಿ. ಜ್ವಾಳದಾಗ ಅದು ಇಲ್ಲ. ಒಮ್ಮೆಲೆ ಒತ್ತಿದ್ರ ಅಂಚೆಲ್ಲಾ ಸೀಳತೈತಿ. ಸೀಳು ಇದ್ದಲ್ಲಿ ಉಗಿ ಹೊರಗ ಹೋಗತೈತಿ, ಹಿಂಗಾಗಿ ಉಬ್ಬಂಗಿಲ್ಲ. ಬಡದು ಮಾಡೋದರಾಗ ಕೈ ಸುತ್ತ ತಿರುಗಿಸ್ತ ಸ್ವಲ್ಪ ಸ್ವಲ್ಪ ಹಿಗ್ಗಸ್ತೀವಿ, ಅಂಚು ಸೀಳಿದಲ್ಲೇ ಬೆರಳಿಲೆ ಕೂಡಸ್ತೀವಿ. ಆ ಕೆಲಸ ಮಷಿನ್ ಮಾಡಂಗಿಲ್ಲ.

ಬಡಿಯೋದು ಇನ್ನೂ ರೂಢಿ ಆಗಿಲ್ಲಂದ್ರ ಲಟ್ಟಸ್ರಿ. ಅದಕ್ಕ ಹಿಟ್ಟು ಮೆತ್ತಗ, ಜಿಗಿ ಇರಬೇಕು. ಅಳತಿ ಹೇಳ್ತೀನಿ. ಸಾಣಿಸಿದ ಹಿಟ್ಟು 2 ವಾಟಗಾ, ನೀರು ಒಂದೂವರಿ ವಾಟಗಾ, ಚಿಟಿಗಿ ಉಪ್ಪು. ನೀರು ಪೂರಾ ಕುದಿ ಬಂದ ಮ್ಯಾಲ ಒಂದು ವಾಟಗಾ ಹಿಟ್ಟು ಹಾಕಿ, ಸೌಟಿಲೆ ತಿರುವಿ, ಮುಚ್ಚಿ 5 ನಿಮಿಷ ಬಿಡ್ರಿ. ಕುದಿಯೋ ನೀರಿನಾಗ ಹಿಟ್ಟಿನ ಪಿಷ್ಟ ಬೆಂದು ಅಂಟು ಬಿಡತೈತಿ, ಗ್ಲುಟೆನ್ ಮಾಡೋ ಕೆಲಸ ಆ ಅಂಟು ಮಾಡತೈತಿ. ಉಗುರುಬೆಚ್ಚಗಿನ ನೀರು ಹಾಕಿದ್ರ ಜಿಗಿ ಬರಂಗಿಲ್ಲ. ಆಮ್ಯಾಲ ಪರಾತಕ್ಕ ಸುರುವಿ, ಉಳದ ಒಣ ಹಿಟ್ಟು ಕೂಡಿಸಿ, ಅಂಗೈಯ ಬುಡದಿಂದ 4-5 ನಿಮಿಷ ತಿಕ್ಕಿ ತಿಕ್ಕಿ ನಾದ್ರಿ. ಒಂದು ರೊಟ್ಟಿಗೆ ಬೇಕಾದಷ್ಟು ಮುರಕೊಂಡು ಮತ್ತ ಅರ್ಧ ನಿಮಿಷ ನಾದಿ ಉಂಡಿ ಮಾಡ್ರಿ. ಉಳಿದದ್ದು ಹಸಿ ಅರಿವಿ ಕೆಳಗ ಇರಲಿ.

ಹಂಚಿಗೆ ಹಾಕಿದ ಕೂಡಲೇ ಮ್ಯಾಲಿನ ಬದಿಗೆ ಹಸಿ ಅರಿವಿಲೆ ನೀರು ಸವರ್ರಿ. ಆ ನೀರು ಆರತಾ ಬಂದಾಗ, ಪೂರಾ ಒಣಗೋ ಮೊದಲ ತಿರುವಿ ಹಾಕ್ರಿ. ತಡ ಮಾಡಿದ್ರ ಮ್ಯಾಲಿನ ಪದರ ಬಿರುಕು ಬಿಡತೈತಿ. ಎರಡನೇ ಬದಿ ಚುಕ್ಕಿ ಬಂದ ಮ್ಯಾಲ ಅರಿವಿಲೆ ಅಂಚು ಒತ್ತಿದ್ರ ಉಬ್ಬತೈತಿ.

ಬಿಳಿಜ್ವಾಳ, ಗದಗ

ಅಕ್ಕಾರ, ಹಿಟ್ಟಿನ ವಯಸ್ಸೂ ಹೇಳಬೇಕಿತ್ರಿ. ಬೀಸಿ ತಿಂಗಳು ದಾಟಿದ ಹಿಟ್ಟಿಗೆ ಎಷ್ಟು ಕುದಿ ನೀರು ಹಾಕಿದ್ರೂ ಜಿಗಿ ಕಡಿಮಿ, ಮ್ಯಾಲ ಕಹಿ ವಾಸನಿ. ಜ್ವಾಳದಾಗಿನ ಎಣ್ಣಿ ಅಂಶ ಬೀಸಿದ ಮ್ಯಾಲ ಗಾಳಿಗೆ ಕೆಡತೈತಿ. ಹಿಂಗಾಗಿ ಗಿರಣಿಗೆ ಒಮ್ಮೆಗೆ ಹದಿನೈದು ದಿನಕ್ಕ ಆಗೋವಷ್ಟ ಒಯ್ಯರಿ. ಜ್ವಾಳ ಮಾಲದಂಡಿ ತಗೋರಿ, ಎಂ 35-1 ಅಂತನೂ ಕರೀತಾರ. ಎರಿ ಹೊಲದ ಹಿಂಗಾರಿ ಜ್ವಾಳ, ಕಾಳು ದುಂಡಗ, ಬೆಳ್ಳಗ, ಹೊಳಪು ಇರತೈತಿ. ಮುಂಗಾರಿ ಹೈಬ್ರಿಡ್ ಜ್ವಾಳದ ರೊಟ್ಟಿ ಆರಿದ ಮ್ಯಾಲ ಲಗೂನ ಬಿರುಸಾಗತೈತಿ. ಗಿರಣ್ಯಾಗ ಗೋಧಿ ಬೀಸಿದ ಮ್ಯಾಲ ನಮ್ಮದು ಹಾಕಬ್ಯಾಡ್ರಿ ಅಂತ ಹೇಳ್ರಿ. ಸಣ್ಣಗ ಬೀಸಲಿ, ಆದ್ರ ಹಿಟ್ಟು ಸುಡೋವಷ್ಟು ಬಿಸಿ ಆಗಿ ಬರಬಾರದು.

ಕಬ್ಬಿಣದ ಕಡಾಯಿ, ಹುಬ್ಬಳ್ಳಿ

ಇಂಡಕ್ಷನ್ ಬಗ್ಗೆ ಯಾರೂ ಹೇಳಲಿಲ್ಲ. ನಡುವ ತಗ್ಗು ಇರೋ ಹಂಚು ಅದರ ಮ್ಯಾಲ ನಡಿಯಂಗಿಲ್ಲ, ತಳ ಸಪಾಟು ಇರಬೇಕು. ಸಪಾಟು ಇದ್ರೂ ಒಳಗಿನ ಸುರುಳಿ ಹಂಚಿಗಿಂತ ಸಣ್ಣದು. ನಡುವ ಕೆಂಡ, ಅಂಚು ತಣ್ಣಗ. ಖಾಲಿ ಹಂಚು ಭಾಳ ಕಾದ್ರ ಒಳಗಿನ ಸೆನ್ಸರ್ ತಾನ ಬಂದ್ ಮಾಡತೈತಿ, ರೊಟ್ಟಿ ನಡುವ ನಿಂತು ಹೋಗತೈತಿ. ನಿಮ್ಮಲ್ಲಿ ಎರಡೂ ಇರೋದರಿಂದ ಹಂಚು ಗ್ಯಾಸಿಗೆ, ಕುಕ್ಕರ್ ಇಂಡಕ್ಷನ್‌ಗೆ ಇಡ್ರಿ. ಇದಕ್ಕ ಕುಕ್ಕರ್ ತಗೊಳ್ಳುವಾಗ ಇಂಡಕ್ಷನ್ ತಳ ಇರೋದನ್ನ ನೋಡಿ ತರಬೇಕು. ಸಾದಾ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮ್ಯಾಲ ಕಾಯಂಗೇ ಇಲ್ಲ. ತಳಕ್ಕ ಅಯಸ್ಕಾಂತ ಅಂಟಿದ್ರ ನಡೀತೈತಿ ಅಂತ ಲೆಕ್ಕ.

ಹೊಸ ಒಲಿ, ಧಾರವಾಡ

ಕುಕ್ಕರ್ ಎಷ್ಟು ಲೀಟರ್? ಒಳಮುಚ್ಚಳದ್ದು ಛಲೋನೋ, ಹೊರಮುಚ್ಚಳದ್ದೋ? ಇನ್ನೊಂದು, ನಮ್ಮಲ್ಲಿ ಬೋರ್ ನೀರು. ತೊಗರಿ ಬ್ಯಾಳಿ ಎಷ್ಟು ಸೀಟಿ ಹೊಡದ್ರೂ ಕಾಳು ಕಾಳೇ ಉಳಿತೈತಿ ಅಂತಾರ. ಖರೆ ಏನ್ರಿ?

ಸೀಟಿ ಲೆಕ್ಕ, ಹುಬ್ಬಳ್ಳಿ

ಖರೆ. ಬೋರ್ ನೀರಿನ ಗಡಸುತನಕ್ಕ ಕಾರಣ ಕ್ಯಾಲ್ಸಿಯಂ, ಮ್ಯಾಗ್ನೀಷಿಯಂ. ಕಾಳಿನ ಕಣಗಳನ್ನ ಕೂಡಿಸಿ ಹಿಡಿಯೋದು ಪೆಕ್ಟಿನ್. ಕ್ಯಾಲ್ಸಿಯಂ ಅದಕ್ಕ ಸೇರಿದ್ರ ಅದು ಗಟ್ಟಿ ಆಗಿಬಿಡತೈತಿ, ಕಾಳು ಒಡಿಯಂಗಿಲ್ಲ. ಸೀಟಿ ಹೆಚ್ಚು ಮಾಡಿದ್ರ ಗ್ಯಾಸ್ ಖರ್ಚು ಅಷ್ಟ. ಬ್ಯಾಳಿ ನೆನಸಲಿಕ್ಕ, ಬೇಯಿಸಲಿಕ್ಕ ನಳದ ನೀರು ಇಲ್ಲಾ ಫಿಲ್ಟರ್ ನೀರು ಬಳಸ್ರಿ. ನಿಮಗ ನಳಕ್ಕ ಬರೋದು ಮಲಪ್ರಭಾ ನೀರು, ಬೋರಿಗಿಂತ ಮೆತ್ತಗ. ಬಂದ ದಿನ ಅಡಗಿಗೆ ಅಂತ ಬ್ಯಾರೆ ತುಂಬಿ ಇಟ್ಟುಕೋರಿ. ಬೋರ್ ನೀರೇ ಗತಿ ಅಂದ್ರ ಒಂದು ವಾಟಗಾ ಬ್ಯಾಳಿಗೆ ಚಿಟಿಗಿಗಿಂತ ಕಡಿಮಿ ಅಡಗಿ ಸೋಡಾ. ಹೆಚ್ಚಾದ್ರ ಸಾಬಾನ ರುಚಿ. ಹುಣಸಿ ಹುಳಿ ಬೆಂದ ಮ್ಯಾಲ ಹಾಕ್ರಿ, ಹುಳಿನೂ ಕಾಳನ್ನ ಬಿರುಸು ಮಾಡತೈತಿ.

ಒಂದು ವಾಟಗಾ ತೊಗರಿ ಬ್ಯಾಳಿಗೆ ಎರಡೂವರಿಯಿಂದ ಮೂರು ವಾಟಗಾ ನೀರು, ಅರ್ಧ ತಾಸು ನೆನಸೋದು, ಅರ್ಧ ಚಮಚ ಎಣ್ಣಿ. ಎಣ್ಣಿ ನೊರಿ ಕಡಿಮಿ ಮಾಡತೈತಿ. ಸೀಟಿ ಎಣಿಸಬ್ಯಾಡ್ರಿ. ಮೊದಲನೇ ಸೀಟಿ ಆದ ಮ್ಯಾಲ ಉರಿ ಸಣ್ಣ ಮಾಡಿ 8-10 ನಿಮಿಷ ಗಡಿಯಾರ ನೋಡ್ರಿ. ಧಾರವಾಡ ಸಮುದ್ರಮಟ್ಟಕ್ಕಿಂತ ಮ್ಯಾಲ ಐತಿ, ತೆರೆದ ಭೋಗಾಣ್ಯಾಗ ನೀರು 98 ಡಿಗ್ರಿ ಆಸುಪಾಸು ಕುದಿತೈತಿ. ಕುಕ್ಕರ್ ಒಳಗ ತೂಕದ ಸೀಟಿ ಎತ್ತೋ ಒತ್ತಡಕ್ಕ 120ರ ಸಮೀಪ ಹೋಗತೈತಿ. ಬೇಯಿಸೋದು ಆ ಕಾವು. ಸೀಟಿ ಅಂದ್ರ ಹೆಚ್ಚಾದ ಉಗಿ ಹೊರಗ ಹೋಗೋ ಸಪ್ಪಳ. ದೊಡ್ಡ ಉರಿ ಇಟ್ರ ಸೀಟಿ ಲಗೂ ಲಗೂ ಬರತಾವ, ಬ್ಯಾಳಿ ಮಾತ್ರ ಲಗೂ ಬೇಯಂಗಿಲ್ಲ.

ಮೂರು ಮಂದಿಗೆ 3 ಲೀಟರ್ ಸಾಕಾಗತೈತಿ, ಒಳಗ ಡಬ್ಬಿ ಇಟ್ಟು ಅನ್ನ-ಬ್ಯಾಳಿ ಕೂಡೇ ಮಾಡೋದಾದ್ರ 5 ಲೀಟರ್. ಬ್ಯಾಳಿ-ಕಾಳು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಬಾಕಿ ಅಡಗಿ ಮೂರರಾಗ ಎರಡು ಭಾಗ. ಒಳಮುಚ್ಚಳದ್ದು ಅಂದ್ರ ಹಾಕಿನ್ಸ್ ತರದ್ದು: ಒಳಗಿನ ಒತ್ತಡನ ಮುಚ್ಚಳವನ್ನ ಅಂಚಿಗೆ ಒತ್ತಿ ಹಿಡಿತೈತಿ, ಒತ್ತಡ ಇರೋತನಕ ತಗೀಲಿಕ್ಕ ಬರಂಗಿಲ್ಲ. ಅದಕ್ಕ ನನ್ನ ಒಲವು ಅದರ ಕಡೆ. ಹೊರಮುಚ್ಚಳದ್ದು ತೊಳೀಲಿಕ್ಕ ಸಸಾರ, ಬಾಯಿ ಅಗಲ, ಡಬ್ಬಿ ಇಡಲಿಕ್ಕ ಅನುಕೂಲ. ಯಾವುದೇ ಆಗಲಿ ಐಎಸ್‌ಐ ಗುರುತು ಇರಬೇಕು.

ಕೆಟ್ಟಾಗ ಹಿಂಗ ನೋಡ್ರಿ. ಉಗಿ ಮುಚ್ಚಳದ ಬದಿಯಿಂದ ಬಂದ್ರ ಗ್ಯಾಸ್ಕೆಟ್, ಅಂದ್ರ ಮುಚ್ಚಳದ ರಬ್ಬರ್ ಬಳಿ, ಕೆಟ್ಟಿರತೈತಿ. ಅದನ್ನ ಮಡಚಿ ನೋಡ್ರಿ, ಸಣ್ಣ ಬಿರುಕು ಕಂಡ್ರ, ಇಲ್ಲಾ ಹಿಗ್ಗಿ ಸಡಿಲ ಆಗಿದ್ರ ಬದಲಿ ಮಾಡ್ರಿ. ದಿನಾ ಬಳಸಿದ್ರ ವರ್ಷದ ಸುಮಾರಿಗೆ ಬದಲಿ ಮಾಡಬೇಕಾಗತೈತಿ. ಫ್ರಿಜ್‌ನಾಗ ಇಟ್ಟು ಬಿಗಿ ಮಾಡೋದು ಆ ಹೊತ್ತಿನ ಅಡಗಿಗೆ ಅಷ್ಟ. ಸೀಟಿಯಿಂದನೇ ಸಣ್ಣಗ ಉಗಿ ಸೋರಿ ಸೀಟಿ ಏಳದಿದ್ರ ತೂಕದ ಕೆಳಗ ಕಸ ಕುಂತಿರತೈತಿ. ಉಗಿ ನಳಿಗಿಯನ್ನ ಪ್ರತಿ ಸಲ ಬೆಳಕಿಗೆ ಹಿಡದು ನೋಡ್ರಿ, ಆರ-ಪಾರ ಕಾಣಬೇಕು. ಒಂದು ಬ್ಯಾಳಿ ಸಿಪ್ಪಿ ಸಿಕ್ಕಿದ್ರೂ ಸಾಕು, ಒತ್ತಡ ಹೊರಗ ಹೋಗೋ ದಾರಿ ಮುಚ್ಚತೈತಿ.

ಸೇಫ್ಟಿ ವಾಲ್ವ್ ಸುಟ್ಟು ತೂತು ಬಿದ್ರ ನೀರು ಆರಿರತೈತಿ, ಇಲ್ಲಾ ನಳಿಗಿ ಮುಚ್ಚಿರತೈತಿ. ಅದೇ ಕಂಪನಿಯ ಹೊಸದು ಹಾಕಸ್ರಿ. ಆ ತೂತಿಗೆ ಬ್ಯಾರೆ ಏನನ್ನೂ ತುರುಕಬಾರದು, ಬ್ಯಾರೆ ಕಂಪನಿಯದೂ ಹಾಕಬಾರದು. ಇದರಾಗ ಹತ್ತಿಪ್ಪತ್ತು ರೂಪಾಯಿ ಉಳಿಸಲಿಕ್ಕ ಹೋದ್ರ ಜೀವಕ್ಕ ಅಪಾಯ.

ಸುರುಳಿ ಮೋಟಾರ್, ಹುಬ್ಬಳ್ಳಿ

ಮಿಕ್ಸರ್ ಬಗ್ಗೆ. ನಿಮ್ಮ ಅಡುಗೆಗೆ 750 ವಾಟ್ ಸಾಕು. 500 ವಾಟಿನದು ಚಟ್ನಿಗೆ ಆಗುತ್ತದೆ, ಆದರೆ ಒಣ ಕೊಬ್ಬರಿ, ಮಸಾಲೆ ದಿನಾ ಹಾಕಿದರೆ ಬೇಗ ಬಿಸಿಯಾಗುತ್ತದೆ. ವಾಟ್ ನೋಡುವುದಕ್ಕಿಂತ ಆ ಕಂಪನಿಯ ಕಪ್ಲರ್, ಬ್ಲೇಡು, ಜಾರಿನ ರಬ್ಬರ್ ನಿಮ್ಮ ಊರಿನ ಅಂಗಡಿಯಲ್ಲಿ ಸಿಗುತ್ತವೆಯೋ ಇಲ್ಲವೋ ಮೊದಲು ಕೇಳಿ. ಹುಬ್ಬಳ್ಳಿಯಾದರೆ ದುರ್ಗದಬೈಲ್ ಸುತ್ತಮುತ್ತ, ಧಾರವಾಡದಲ್ಲಿ ಸೂಪರ್ ಮಾರ್ಕೆಟ್ ಕಡೆ ವಿಚಾರಿಸಬಹುದು.

ಹೆಚ್ಚಾಗಿ ಕೆಡುವುದು ಮೋಟಾರ್ ಅಲ್ಲ. ಒಂದು, ಕಪ್ಲರ್: ಜಾರಿನ ತಳಕ್ಕೂ ಮೋಟಾರಿಗೂ ಕೊಂಡಿಯಾಗುವ ಹಲ್ಲಿನ ಬಿಲ್ಲೆ. ಮೋಟಾರ್ ಓಡುವಾಗಲೇ ಜಾರ್ ಎತ್ತಿದರೆ ಹಲ್ಲು ಮುರಿಯುತ್ತವೆ. ಮೋಟಾರ್ ಜೋರಾಗಿ ಸದ್ದು ಮಾಡಿ ಬ್ಲೇಡ್ ತಿರುಗದಿದ್ದರೆ ಅದೇ ಕಾರಣ. ಎರಡು, ಜಾರಿನ ಬುಷ್, ಅಂದರೆ ಬ್ಲೇಡಿನ ಕಡ್ಡಿ ತಿರುಗುವ ತಳದ ಬಳೆ: ಜಾರಿನ ಕೆಳಗೆ ಕಪ್ಪು ನೀರು ಸೋರಿದರೆ ಬುಷ್ ಸವೆದಿದೆ. ಆ ಜಾರಿನಲ್ಲಿ ಮತ್ತೆ ರುಬ್ಬಬೇಡಿ, ಅದೇ ನೀರು ಮೋಟಾರಿಗೆ ಇಳಿಯುತ್ತದೆ, ಕಪ್ಪು ಚಟ್ನಿಗೂ ಸೇರುತ್ತದೆ.

ಮಿಕ್ಸರ್ ಒಮ್ಮೆಲೆ ನಿಂತುಹೋದರೆ ಅದರ ತಳದಲ್ಲಿರುವ ಕೆಂಪು ಗುಂಡಿ ನೋಡಿ. ಪ್ಲಗ್ ಕಿತ್ತು, ಹದಿನೈದು ನಿಮಿಷ ಆರಲು ಬಿಟ್ಟು, ಜಾರಿನಲ್ಲಿ ಅರ್ಧ ತೆಗೆದು, ಗುಂಡಿ ಒತ್ತಿ. ಗುಂಡಿ ಮತ್ತೆ ಮತ್ತೆ ಹೊರಗೆ ಜಿಗಿದು ಮಿಕ್ಸರ್ ನಿಂತರೆ ಜಾರಿನ ಬ್ಲೇಡನ್ನು ಕೈಯಿಂದ ತಿರುಗಿಸಿ ನೋಡಿ, ಬಿಗಿಯಿದ್ದರೆ ಬುಷ್ ಹಿಡಿದುಕೊಂಡಿದೆ. ಬಿಸಿ ಸಾರು, ಬಿಸಿ ಮಸಾಲೆ ಮುಚ್ಚಿ ತಿರುಗಿಸಲೇಬೇಡಿ. ಉಗಿ ಮುಚ್ಚಳ ಹಾರಿಸುತ್ತದೆ.

ಬ್ಯಾಡಗಿ ಕಡ್ಡಿ, ಹಾವೇರಿ

ಮಿಕ್ಸರ್‌ನಾಗ ವರ್ಷದ ಖಾರ ಬೀಸೋ ಆಸೆ ಬ್ಯಾಡ್ರಿ. 100-150 ಗ್ರಾಂ ತನಕ ಸರಿ, ಅದೂ ತಡದು ತಡದು. ಹೆಚ್ಚು ಹೊತ್ತು ತಿರುಗಿದ್ರ ಬ್ಲೇಡಿನ ಕಾವಿಗೆ ಖಾರದ ಬಣ್ಣ ಮಾಸತೈತಿ. ಬ್ಯಾಡಗಿ ಮೆಣಸಿನಕಾಯಿಗೆ ನಾವು ರೊಕ್ಕ ಕೊಡೋದು ಆ ಬಣ್ಣಕ್ಕ. 2011ರಾಗ ಭೌಗೋಳಿಕ ಗುರುತು ಸಿಕ್ಕಿದ ಕಾಯಿ ಇದು: ಕಡ್ಡಿ, ಡಬ್ಬಿ ಅಂತ ಎರಡು ತರ, ಎರಡೂ ಸುಕ್ಕು, ಖಾರ ಕಡಿಮಿ. ತೊಟ್ಟು ಮುರದು, ಕಾಯಿ ಪಟ್ ಅಂತ ಮುರಿಯೋತನಕ ಬಿಸಲಿಗೆ ಒಣಗಿಸಿ, ಕುಟ್ಟೋ ಗಿರಣಿಗೆ ಒಯ್ಯರಿ. ತಿನ್ನೋ ಖಾರ ಬೇಕಂದ್ರ ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು.

ಸಾಧನಕೇರಿ ಅಡಗಿಮನಿ, ಧಾರವಾಡ

ಶೇಂಗಾ ಚಟ್ನಿಗೆ ಕಲ್ಲಿನ ಒಳ್ಳು ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. ಶೇಂಗಾದಾಗ ತೂಕದ ಸುಮಾರು ಅರ್ಧದಷ್ಟು ಎಣ್ಣಿ ಐತಿ. ಬ್ಲೇಡು ಕಾಳನ್ನ ಕತ್ತರಸ್ತ ಬಿಸಿ ಮಾಡತೈತಿ, ಎಣ್ಣಿ ಹೊರಗ ಬಂದು ಎಲ್ಲಾ ಮುದ್ದಿ ಆಗತೈತಿ. ಒಳ್ಳಿನ್ಯಾಗ ಕುಟ್ಟಿದ್ರ ಒಂದೀಟು ಎಣ್ಣಿ ಬಿಟ್ಟು ಪುಡಿಪುಡಿಯಾಗಿ ನಿಂದರತೈತಿ, ಬಳ್ಳೊಳ್ಳಿ ಎಲ್ಲಾ ಕಡೆ ಹತ್ತತೈತಿ.

ಮಿಕ್ಸರ್‌ನಾಗೇ ಮಾಡಬೇಕಂದ್ರ ಕ್ರಮ ತಪ್ಪಬಾರದು. 250 ಗ್ರಾಂ ಶೇಂಗಾ ಸಣ್ಣ ಉರಿ ಮ್ಯಾಲ 10-12 ನಿಮಿಷ ಹುರದು, ಪೂರಾ ಆರಿಸಿ, ಸಿಪ್ಪಿ ತಿಕ್ಕಿ ಹಾರಸ್ರಿ. ಮೊದಲ ಜೀರಗಿ 1 ಚಮಚ, ಉಪ್ಪು ಒಂದೂವರಿ ಚಮಚ, ಖಾರಪುಡಿ 3 ಚಮಚ ತಿರುವಿ, ಆಮ್ಯಾಲ ಶೇಂಗಾ. ಒಂದೊಂದು ಸೆಕೆಂಡ್ ತಿರುವಿ ನಿಲ್ಲಸ್ರಿ, ನಡುನಡುವ ಜಾರ್ ಅಲುಗಾಡಸ್ರಿ. ಬಳ್ಳೊಳ್ಳಿ 12-15 ಎಸಳು ಕಡೀಕ, ಎರಡೇ ಸುತ್ತು. ಮೊದಲ ಹಾಕಿದ್ರ ಅದರ ಹಸಿ ಶೇಂಗಾಕ್ಕ ಹಿಡದು ಗಂಟು ಆಗತೈತಿ.

ಹೊಸ ಒಳ್ಳು ತಂದ್ರ ಹಿಡಿ ಅಕ್ಕಿ, ತುಸು ನೀರು ಹಾಕಿ ಅರದು ಚೆಲ್ಲರಿ. ಹಿಟ್ಟು ಬೂದಿ ಬಣ್ಣ ಬಿಟ್ಟು ಬೆಳ್ಳಗ ಬರೋತನಕ ಮಾಡ್ರಿ. ಎಂಟ್ಹತ್ತು ಸಲ ಆದ್ರೂ ಬೂದಿ ಬಣ್ಣ ಹೋಗಲಿಲ್ಲಂದ್ರ ಅದು ಮೆತ್ತನ ಕಲ್ಲು, ಊಟದಾಗ ಮರಳು ಬರತೈತಿ, ಅಂಗಡಿಗೆ ತಿರುಗಿ ಕೊಡ್ರಿ. ಕಡೀಕ ಹಳ್ಳುಪ್ಪು, ಬಳ್ಳೊಳ್ಳಿ ಅರದು ತೊಳೀರಿ. ಸಾಬಾನ ಹಚ್ಚಬ್ಯಾಡ್ರಿ.

ಕಬ್ಬಿಣದ ಕಡಾಯಿ, ಹುಬ್ಬಳ್ಳಿ

ದಾರ ಜಗ್ಗೋ ಚಾಪರ್ ಬಗ್ಗೆ ಒಂದು ಮಾತು. ಉಳ್ಳಾಗಡ್ಡಿ ಅದರಾಗ ಕತ್ತರಿಸೋದಕ್ಕಿಂತ ಜಜ್ಜೋದು ಹೆಚ್ಚು, ನೀರು ಬಿಡತೈತಿ. ಗ್ರೇವಿಗೆ ನಡೀತೈತಿ, ಗಿರ್ಮಿಟ್‌ಗೆ ಬ್ಯಾಡ. ಚುರುಮುರಿ ಕಲಸಿದ ಕೂಡಲೇ ಮೆತ್ತಗಾಗತೈತಿ. ಅದರ ಬದಲಿ ಒಂದು ಈಳಿಗಿ ಇಲ್ಲಾ ಛಲೋ ಚಾಕು, ಮತ್ತ ಒಂದು ಮಸಿಯೋ ಕಲ್ಲು. ಚಾಕುವಿನ ಬೆನ್ನು ಕಲ್ಲಿನಿಂದ ತುಸು ಎತ್ತಿ, 15-20 ಡಿಗ್ರಿ ಓರಿ ಇಟ್ಟು, ಎರಡೂ ಬದಿ ಸಮ ಸಮ ಮಸೀರಿ. ಈಳಿಗಿ ಅಲಗು ಸಾದಾ ಉಕ್ಕಿಂದಾದ್ರ ಲಗೂ ಹರಿತ ಆಗತೈತಿ, ಆದ್ರ ಹುಣಸಿ, ನಿಂಬಿ ಹಣ್ಣು ಮುಟ್ಟಿದ ಕೂಡಲೇ ತೊಳದು ಒರಸಬೇಕು. ಸಣ್ಣ ಹುಡುಗರಿರೋ ಮನ್ಯಾಗ ಮಡಚೋ ಅಲಗಿಂದೇ ತಗೋರಿ.

ಹೊಸ ಒಲಿ, ಧಾರವಾಡ

ಹಂಚು ತಂದು ನಾಕು ಪದರ ಕುಸುಬಿ ಎಣ್ಣಿ ಹಚ್ಚಿ ಪಳಗಿಸೇನಿ. ಮೊದಲ ಎರಡು ರೊಟ್ಟಿ ಬಿಡಲೇ ಇಲ್ಲ, ಮೂರನೇದು ಸರಾಗ ಎದ್ದಿತು. ಎಲ್ಲಿ ತಪ್ಪಿತಂತ ತಿಳೀಲಿಲ್ರಿ.

ಕುಸುಬಿ ಎಣ್ಣಿ, ನರಗುಂದ

ಮೂರನೇದು ಎದ್ದಿತಂದ್ರ ಪದರ ಸರಿ ಐತಿ, ಕಾವು ಸಾಲದ ಮಾತು. ದಪ್ಪ ಹಂಚಿಗೆ ಮೊದಲ ರೊಟ್ಟಿಗೆ ಮುಂಚೆ ನಡು ಉರಿ ಮ್ಯಾಲ 5-6 ನಿಮಿಷ ಬೇಕು. ಹಿಟ್ಟು ನಾದಲಿಕ್ಕ ಶುರು ಮಾಡಿದಾಗಲೇ ಹಂಚು ಇಡ್ರಿ. ಹಿಡದ ರೊಟ್ಟಿ ಕೆರದು ಎಬ್ಬಸಬ್ಯಾಡ್ರಿ, ಪದರ ಕಿತ್ತು ಬರತೈತಿ. ಉರಿ ಹೆಚ್ಚು ಮಾಡಿ ಅರ್ಧ ನಿಮಿಷ ಬಿಟ್ರ ಕೆಳಗಿನ ಹಸಿ ಆರಿ ತಾನ ಸಡಿಲ ಆಗತೈತಿ. ಮುಗದ ಮ್ಯಾಲ ನೀರು ಸುರಿಯದ, ಹಂಚು ಬಿಸಿ ಇರುವಾಗಲೇ ಒಣ ಅರಿವಿಲೆ ಒರಸಿ ಹಂಗ ಇಟ್ಟುಬಿಡ್ರಿ.